ಓದುಗರ ಪ್ರಶ್ನೆ: ಅಂಗಳದ ನೆರಳು ಮತ್ತು ಋತುಗಳ ಲೆಕ್ಕ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಸುಳಿದಾಡುತ್ತಿದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದ ಮೂರಕ್ಕೂ ಅದೇ ತಳಪಾಯವಾದ್ದರಿಂದ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ, ದೂರ ಸರಿದಾಗ ಚಳಿಗಾಲ ಎಂದು ಮೊಮ್ಮಗಳಿಗೆ ಹೇಳಿಕೊಟ್ಟೆ. ಅವಳು, “ಅಜ್ಜಿ, ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿಯಲ್ಲಂತೆ. ಹಾಗಾದರೆ ಆಗ ಚಳಿ ಯಾಕೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಋತುಗಳು ಬದಲಾಗುವುದಕ್ಕೆ ನಿಜವಾದ ಕಾರಣವೇನು? — ಓದುಗರೊಬ್ಬರು, ಕಾಪು

ಉತ್ತರ: ಮೊಮ್ಮಗಳು ಕೇಳಿದ್ದು ಸರಿಯಾಗಿಯೇ ಇದೆ, ಮತ್ತು ತಾವು ಹೇಳಿಕೊಟ್ಟ ಉತ್ತರವನ್ನು ನಂಬಿದವರಲ್ಲಿ ತಾವು ಒಬ್ಬರೇ ಅಲ್ಲ, ಪ್ರೌಢಶಾಲೆಯ ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಅಂಕ ಕಳೆದುಕೊಂಡವನು ನಾನು. ಒಲೆಗೆ ಹತ್ತಿರ ಹೋದರೆ ಬಿಸಿ, ದೂರ ಸರಿದರೆ ತಂಪು ಎಂಬ ದಿನನಿತ್ಯದ ಅನುಭವವೇ ನಮ್ಮನ್ನು ಈ ದಾರಿಗೆ ಎಳೆಯುತ್ತದೆ. ಪಠ್ಯಪುಸ್ತಕದ ಚಿತ್ರವೂ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಅದರಲ್ಲಿ ಭೂಮಿಯ ಕಕ್ಷೆಯನ್ನು ಕೋಳಿಮೊಟ್ಟೆಯಂತೆ ಚಪ್ಪಟೆಯಾಗಿ ಬರೆದಿರುತ್ತಾರೆ. ನಿಜವಾದ ಕಕ್ಷೆಯನ್ನು 15 ಸೆಂ.ಮೀ. ತ್ರಿಜ್ಯದಲ್ಲಿ ಕಾಗದದ ಮೇಲೆ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ. ಕಣ್ಣಿಗೆ ಅದು ಶುದ್ಧ ವೃತ್ತ. ಸೂರ್ಯ ಮಾತ್ರ ಆ ವೃತ್ತದ ನಟ್ಟನಡುವೆ ಇರದೆ ಎರಡೂವರೆ ಮಿಲಿಮೀಟರಿನಷ್ಟು ಬದಿಗೆ ಸರಿದಿರುತ್ತಾನೆ.

ಆ ಸರಿತದಿಂದಾಗಿ ಜನವರಿಯ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಸುಮಾರು 14.71 ಕೋಟಿ ಕಿ.ಮೀ. ದೂರದಲ್ಲಿಯೂ ಜುಲೈಯ ಮೊದಲ ವಾರದಲ್ಲಿ ಸುಮಾರು 15.21 ಕೋಟಿ ಕಿ.ಮೀ. ದೂರದಲ್ಲಿಯೂ ಇರುತ್ತೇವೆ. ಐವತ್ತು ಲಕ್ಷ ಕಿಲೋಮೀಟರ್ ಎಂದರೆ ಕಿವಿಗೆ ದೊಡ್ಡದಾಗಿ ಕೇಳಿಸುತ್ತದೆಯಾದರೂ ಒಟ್ಟು ದೂರಕ್ಕೆ ಹೋಲಿಸಿದರೆ ಅದು ನೂರಕ್ಕೆ ಮೂರೂವರೆಯಷ್ಟೂ ಆಗದು. ಅದರಿಂದ ಭೂಮಿಗೆ ತಲುಪುವ ಬಿಸಿಲಿನಲ್ಲಿ ಆಗುವ ವ್ಯತ್ಯಾಸ ಸುಮಾರು 7 ಶೇಕಡಾ. ಅದೂ ಜನವರಿಯ ಪಾಲಿಗೇ ಹೆಚ್ಚು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ದೂರವೇ ಕಾರಣವಾಗಿದ್ದರೆ ಇಡೀ ಭೂಮಿಗೆ ಒಟ್ಟಿಗೇ ಬೇಸಿಗೆ, ಒಟ್ಟಿಗೇ ಚಳಿಗಾಲ ಬರಬೇಕಿತ್ತು. ಮಂಗಳೂರಿನ ಮನೆಗಳಲ್ಲಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ನ ಡಬ್ಬಿಗಳು ತುಂಬುತ್ತಿರುವಾಗ ಆಸ್ಟ್ರೇಲಿಯಾದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಹೇಳುವುದು ಅಲ್ಲಿಯ ಸುಡುಬಿಸಿಲಿನ ಸುದ್ದಿಯನ್ನು. ಒಂದೇ ಭೂಮಿ, ಒಂದೇ ದೂರ, ಆದರೂ ಬಡಗಿನ ಅರ್ಧಕ್ಕೆ ಚಳಿ, ತೆಂಕಿನ ಅರ್ಧಕ್ಕೆ ಸೆಕೆ. ಹತ್ತಿರ–ದೂರದ ವಾದ ಇಲ್ಲಿಗೆ ಮುಗಿಯುತ್ತದೆ.

ಕಾರಣವಿರುವುದು ಭೂಮಿಯ ಓರೆಯಲ್ಲಿ. ಭೂಮಿ ತನ್ನ ಅಕ್ಷದ ಮೇಲೆ ಬುಗುರಿಯಂತೆ ತಿರುಗುತ್ತ ಸೂರ್ಯನನ್ನು ಸುತ್ತುತ್ತದೆ. ಆ ಅಕ್ಷವು ಕಕ್ಷೆಯ ಸಮತಲಕ್ಕೆ ನೆಟ್ಟಗೆ ನಿಂತಿಲ್ಲ, ಸುಮಾರು 23.4 ಡಿಗ್ರಿ ವಾಲಿಕೊಂಡಿದೆ. ವಾಲಿದೆ ಎನ್ನುವುದು ಅರ್ಧ ಉತ್ತರ ಮಾತ್ರ. ವರ್ಷವಿಡೀ ಅದು ಒಂದೇ ದಿಕ್ಕಿಗೆ ವಾಲಿರುತ್ತದೆ ಎಂಬುದು ಉಳಿದರ್ಧ, ಮತ್ತು ಮಕ್ಕಳಿಗೆ ಪಾಠ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವುದು ಅದೇ.

ಉಡುಪಿಯ ರಥಬೀದಿಯನ್ನು ನೆನಪಿಸಿಕೊಳ್ಳಿ. ನಡುವೆ ಇರುವ ದೇವಳಗಳನ್ನು ಸೂರ್ಯನೆಂದು ಎಣಿಸಿ, ಕೈಯಲ್ಲೊಂದು ಬಿಚ್ಚಿದ ಕೊಡೆ ಹಿಡಿದು ಪ್ರದಕ್ಷಿಣೆ ಹೊರಟಿದ್ದೀರಿ. ಕೊಡೆಯನ್ನು ಸ್ವಲ್ಪ ಬಡಗು ದಿಕ್ಕಿಗೆ ವಾಲಿಸಿದ್ದೀರಿ, ನೀವು ಯಾವ ಕಡೆಗೆ ತಿರುಗಿ ನಡೆದರೂ ಕೊಡೆಯ ತುದಿ ಬಡಗಿಗೇ ಇರಬೇಕು ಎಂಬುದು ಷರತ್ತು. ಬೀದಿಯ ತೆಂಕುಬದಿಯಲ್ಲಿ ನಡೆಯುವಾಗ ಕೊಡೆಯ ತುದಿ ದೇವಳದ ಕಡೆಗೆ ಬಾಗಿರುತ್ತದೆ. ಬಡಗುಬದಿಗೆ ಬಂದಾಗ ಅದೇ ಕೊಡೆ, ಅದೇ ಓರೆ, ಆದರೆ ತುದಿ ದೇವಳದಿಂದ ಆಚೆಗೆ ಬಾಗಿರುತ್ತದೆ. ಮೂಡು ಮತ್ತು ಪಡು ಬದಿಗಳಲ್ಲಿ ಅದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನೀವು ಕೊಡೆಯನ್ನು ಎಲ್ಲಿಯೂ ಅಲುಗಿಸಿಲ್ಲ. ಸುತ್ತು ಬಂದದ್ದರಿಂದಲೇ ಸಂಬಂಧ ಬದಲಾಯಿತು. ಭೂಮಿಯ ಉತ್ತರ ಧ್ರುವ ಜೂನ್ 21ರ ಸುಮಾರಿಗೆ ಸೂರ್ಯನತ್ತ ಹೀಗೆ ಬಾಗಿರುತ್ತದೆ, ಡಿಸೆಂಬರ್ 21–22ರ ಸುಮಾರಿಗೆ ಆಚೆಗೆ ಬಾಗಿರುತ್ತದೆ, ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರಲ್ಲಿ ಎರಡೂ ಅಲ್ಲದ ಸ್ಥಿತಿ, ಅಂದರೆ ವಿಷುವ. “ಬೇಸಿಗೆಯಲ್ಲಿ ಭೂಮಿ ಸೂರ್ಯನ ಕಡೆಗೆ ವಾಲುತ್ತದೆ” ಎಂದು ಬರೆಯುವವರು, ಅದೇನೋ ತೂಗುಯ್ಯಾಲೆಯಂತೆ ಅತ್ತಿತ್ತ ಹೊಯ್ದಾಡುತ್ತದೆ ಎಂಬ ಭಾವನೆ ಹುಟ್ಟಿಸುತ್ತಾರೆ, ಅದು ಸರಿಯಲ್ಲ. ಅಕ್ಷ ಅಲುಗುವುದಿಲ್ಲ ಎಂಬುದಕ್ಕೆ ಸಾಕ್ಷಿ ಧ್ರುವ ನಕ್ಷತ್ರ: ಅದು ನಮ್ಮ ಬಡಗು ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿ, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಮೇಲೆ, ಯಾವ ತಿಂಗಳಲ್ಲಿ ನೋಡಿದರೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಓರೆಯಿಂದ ಆಗುವುದು ಎರಡು. ಮೊದಲನೆಯದು, ಬಿಸಿಲು ಬೀಳುವ ಕೋನ. ರಾತ್ರಿ ದೀಪವಾರಿಸಿ, ಒಂದು ಗೆರಸೆಯ ಮೇಲೆ ಟಾರ್ಚನ್ನು ನೇರವಾಗಿ ಹಿಡಿಯಿರಿ. ಸಣ್ಣ, ಪ್ರಖರವಾದ ದುಂಡು ಬೆಳಕು ಬೀಳುತ್ತದೆ. ಟಾರ್ಚನ್ನು ಅಷ್ಟೇ ದೂರದಲ್ಲಿಟ್ಟು ಗೆರಸೆಯನ್ನು ಓರೆ ಮಾಡಿದರೆ ದುಂಡು ಹೋಗಿ ಉದ್ದನೆಯ ಮೊಟ್ಟೆಯಾಕಾರವಾಗುತ್ತದೆ, ಬೆಳಕು ಮಂಕಾಗುತ್ತದೆ. ಟಾರ್ಚಿನಿಂದ ಹೊರಟ ಬೆಳಕು ಅಷ್ಟೇ ಇದೆ, ಹಂಚಿಕೊಳ್ಳುವ ಜಾಗ ಹೆಚ್ಚಾಗಿದೆ. ಗೆರಸೆಯಲ್ಲಿ ಅಕ್ಕಿಕಾಳುಗಳಿದ್ದರೆ ಮೊದಲು ಎಷ್ಟು ಕಾಳಿಗೆ ಬೆಳಕು ಬಿದ್ದಿತ್ತು, ಈಗ ಎಷ್ಟು ಕಾಳಿಗೆ ಎಂದು ಮಕ್ಕಳು ಎಣಿಸಿಯೇ ನೋಡಬಹುದು.

ಎರಡನೆಯದು, ಹಗಲಿನ ಉದ್ದ. ಸೂರ್ಯನತ್ತ ಬಾಗಿದ ಅರ್ಧಗೋಳಕ್ಕೆ ಬಿಸಿಲು ನೆಟ್ಟಗೆ ಬೀಳುವುದಷ್ಟೇ ಅಲ್ಲ, ಹೆಚ್ಚು ಹೊತ್ತೂ ಬೀಳುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಬರೇ 15 ಡಿಗ್ರಿ ಮೇಲೆ ಬರುತ್ತಾನೆ, ಹಗಲು ಎಂಟು ಗಂಟೆಗೂ ಕಡಿಮೆ. ಜೂನಿನಲ್ಲಿ ಅವನೇ 62 ಡಿಗ್ರಿ ಎತ್ತರಕ್ಕೇರುತ್ತಾನೆ, ಹಗಲು ಹದಿನಾರೂವರೆ ಗಂಟೆ ದಾಟುತ್ತದೆ. ಕೋನದ ಲೆಕ್ಕ ಒಂದರಿಂದಲೇ ಮಧ್ಯಾಹ್ನದ ಬಿಸಿಲಿನ ಬಲ ಮೂರು ಪಟ್ಟು ಮೀರುತ್ತದೆ, ಮೇಲೆ ಹಗಲು ಇಮ್ಮಡಿ. ಈ ಏರುಪೇರಿನ ಮುಂದೆ ದೂರದಿಂದಾಗುವ 7 ಶೇಕಡಾ ಯಾವ ಲೆಕ್ಕ? ಇಡೀ ಭೂಮಿಯ ಸರಾಸರಿ ಉಷ್ಣತೆ ಹೆಚ್ಚಿರುವುದೂ ನಾವು ಸೂರ್ಯನಿಂದ ದೂರವಿರುವ ಜುಲೈಯಲ್ಲೇ, ಯಾಕೆಂದರೆ ಬೇಗನೆ ಬಿಸಿಯಾಗುವ ನೆಲದ ಬಹುಪಾಲು ಇರುವುದು ಉತ್ತರಾರ್ಧಗೋಳದಲ್ಲಿ.

ನಮ್ಮ ಕರಾವಳಿಗೆ ಬಂದರೆ ಈ ಲೆಕ್ಕ ಬಹಳ ಸೌಮ್ಯವಾಗುತ್ತದೆ. ಉಡುಪಿ ಇರುವುದು ಭೂಮಧ್ಯರೇಖೆಯಿಂದ 13.3 ಡಿಗ್ರಿ ಬಡಗಿಗೆ, ಮಂಗಳೂರು 12.9 ಡಿಗ್ರಿಗೆ. ಇಲ್ಲಿಯ ಅತಿ ದೀರ್ಘ ಹಗಲು 13 ಗಂಟೆಗೆ ಐದಾರು ನಿಮಿಷ ಕಡಿಮೆ, ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದಷ್ಟು. ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆ. ಡಿಸೆಂಬರಿನ ನಡುಹಗಲಿನಲ್ಲೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ನಮ್ಮ ಚಳಿಗಾಲವೆಂದರೆ ಬೆಳಗಿನ ಜಾವ ಒಂದು ಹೊದಿಕೆ, ಅಷ್ಟೇ.

ಆದರೂ ಓರೆಯನ್ನು ಕಣ್ಣಾರೆ ಕಾಣಲು ಕಾಪುವಿಗಿಂತ ಒಳ್ಳೆಯ ಜಾಗ ಬೇಡ. ದೀಪಸ್ತಂಭದ ಬಂಡೆಯ ಮೇಲೆ ನಿಂತರೆ ಪಡುಗಡಲು ಪೂರ್ತಿ ಬಿಚ್ಚಿಕೊಂಡಿರುತ್ತದೆ. ಸೂರ್ಯ ಮುಳುಗುವ ಜಾಗವನ್ನು ಡಿಸೆಂಬರ್ ಕೊನೆಯಲ್ಲಿ ಒಮ್ಮೆ, ಮಾರ್ಚ್ ಮೂರನೆಯ ವಾರದಲ್ಲಿ ಒಮ್ಮೆ, ಮೇ ತಿಂಗಳ ಕೊನೆಯಲ್ಲಿ ಮತ್ತೊಮ್ಮೆ ಗುರುತು ಹಾಕಿಕೊಳ್ಳಿ. ಮಾರ್ಚಿನಲ್ಲಿ ಅವನು ನೇರ ಪಡುವಣಕ್ಕೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಅಲ್ಲಿಂದ 24 ಡಿಗ್ರಿ ತೆಂಕಿಗೆ, ಜೂನಿನಲ್ಲಿ ಅಷ್ಟೇ ಬಡಗಿಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಚಾಚಿದ ಕೈಯ ಸುಮಾರು ಐದು ಮುಷ್ಟಿಗಳ ಅಂತರ. ಜೂನ್ 21ರ ಮುಳುಗನ್ನೇ ನೋಡುತ್ತೇನೆಂದು ಹೊರಟರೆ ಕೊಡೆಯೊಂದಿಗೆ ಹೋಗಿ ಬರೇ ಮೋಡ ನೋಡಿ ಬರಬೇಕಾದೀತು. ಅದಕ್ಕೇ ಮೇ ಕೊನೆ ಎಂದದ್ದು.

ಮೊಮ್ಮಗಳಿಗೆ ಇನ್ನೊಂದು ಕೆಲಸ ಕೊಡಿ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ಊರಿ, ನಡುಹಗಲಿನ ನೆರಳನ್ನು ಅಳೆಯಲಿ. ಡಿಸೆಂಬರಿನಲ್ಲಿ ನೆರಳು ಬಡಗಿಗೆ, ಸುಮಾರು 75 ಸೆಂ.ಮೀ. ಉದ್ದ. ದಿನ ಕಳೆದಂತೆ ಅದು ಕುಗ್ಗುತ್ತ ಬಂದು ಏಪ್ರಿಲ್ 24–25ರ ಸುಮಾರಿಗೆ ಕೋಲಿನ ಬುಡದಲ್ಲಿ ಮಾಯವಾಗುತ್ತದೆ. ಆಮೇಲೆ ತೆಂಕಿಗೆ ಬೀಳಲು ತೊಡಗಿ ಜೂನಿನಲ್ಲಿ 18 ಸೆಂ.ಮೀ. ಮುಟ್ಟುತ್ತದೆ, ಮರಳಿ ಬರುತ್ತ ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಮಾಯವಾಗುತ್ತದೆ. ನಮ್ಮ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು 75 ಡಿಗ್ರಿಯ ಹತ್ತಿರ; ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 29 ನಿಮಿಷದ ಹೊತ್ತಿಗೆ.

ಈ ಕೋಲು–ನೆರಳಿನ ವಿದ್ಯೆಯನ್ನು ನಮ್ಮ ಅಡಿಕೆ ಕೃಷಿಕರು ತೋಟದಲ್ಲೇ ಕಲಿತಿದ್ದಾರೆ. ಎಳೆಯ ಅಡಿಕೆ ಮರದ ಕಾಂಡಕ್ಕೆ ಬಿಸಿಲಿನ ಹೊಡೆತ ಬಿದ್ದು ತೊಗಟೆ ಸುಟ್ಟು ಸೀಳುವುದು ನಡುಬೇಸಗೆಯಲ್ಲಿ ಎಂದು ಹೊರಗಿನವರು ಊಹಿಸುತ್ತಾರೆ. ಕಾಂಡಕ್ಕೆ ಅಪಾಯ ತರುವುದು ಮಳೆ ಬಿಟ್ಟ ಮೇಲಿನ ತಿಂಗಳುಗಳ ಇಳಿಬಿಸಿಲು, ಅದೂ ನೈಋತ್ಯದ ಬದಿಯಿಂದ. ಯೋಚಿಸಿದರೆ ಇದು ಟಾರ್ಚ್–ಗೆರಸೆಯ ಲೆಕ್ಕವೇ: ನೆತ್ತಿಯ ಮೇಲಿನ ಸೂರ್ಯ ನೆಲಕ್ಕೆ ನೇರ, ಆದರೆ ನೆಟ್ಟಗೆ ನಿಂತ ಕಾಂಡವನ್ನು ಬರೇ ಸವರಿಕೊಂಡು ಹೋಗುತ್ತಾನೆ; ತೆಂಕಿಗೆ ವಾಲಿದ ಸೂರ್ಯ ಮಧ್ಯಾಹ್ನ ಕಳೆದ ಮೇಲೆ ನೆಲಕ್ಕೆ ಓರೆ, ಕಾಂಡಕ್ಕೆ ನೇರ. ಅದಕ್ಕಾಗಿಯೇ ಸಸಿ ನೆಡುವಾಗ ಸಾಲುಗಳನ್ನು ಉತ್ತರ–ದಕ್ಷಿಣ ಗೆರೆಯಿಂದ ಪಶ್ಚಿಮಕ್ಕೆ 35 ಡಿಗ್ರಿಯಷ್ಟು ತಿರುಗಿಸಿ ಒಂದು ಮರದ ನೆರಳು ಇನ್ನೊಂದಕ್ಕೆ ಬೀಳುವಂತೆ ಮಾಡುವುದು, ಕಾಂಡಕ್ಕೆ ಸೋಗೆ ಕಟ್ಟುವುದು, ಇಲ್ಲವೇ ಸುಣ್ಣ ಬಳಿಯುವುದು. ಭೂಮಿಯ ಓರೆಯನ್ನು ಇಷ್ಟು ಹತ್ತಿರದಿಂದ ಬಲ್ಲ ಕಸುಬು ನನಗೆ ಬೇರೆ ತೋರುವುದಿಲ್ಲ.

ಪ್ರಶ್ನೆ: ಜೂನ್ 21 ಅತಿ ದೀರ್ಘ ಹಗಲು ಎನ್ನುತ್ತೀರಿ. ಹಾಗಿದ್ದರೆ ಅತಿ ಹೆಚ್ಚು ಸೆಕೆ ಜೂನ್‌ನಲ್ಲಿ ಇರಬೇಕಿತ್ತು. ನಮ್ಮಲ್ಲಿ ಸೆಕೆ ಏಪ್ರಿಲ್–ಮೇ ತಿಂಗಳಲ್ಲಿ, ಜೂನ್‌ನಲ್ಲಿ ಜಡಿಮಳೆ. ಭೂಮಿಯ ಓರೆಯ ವಿವರಣೆ ಕರಾವಳಿಗೆ ಅನ್ವಯಿಸುವುದಿಲ್ಲವೇ? — ಓದುಗರೊಬ್ಬರು, ಸುರತ್ಕಲ್

ಉತ್ತರ: ಅನ್ವಯಿಸುತ್ತದೆ, ಆದರೆ ಸುತ್ತುದಾರಿಯಿಂದ. ಮೊದಲು ನೇರದಾರಿಯ ಮಾತು ಮುಗಿಸೋಣ. ಮೇಲಿನ ಉತ್ತರದಲ್ಲಿ ಹೇಳಿದಂತೆ ಸೂರ್ಯ ನಮ್ಮ ನೆತ್ತಿಗೆ ಬರುವುದು ಏಪ್ರಿಲ್ ಕೊನೆಯಲ್ಲಿ, ಜೂನಿನಲ್ಲಿ ಅಲ್ಲ. ಜೂನಿನ ಹೊತ್ತಿಗೆ ಅವನು ನಮ್ಮನ್ನು ದಾಟಿ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೆ ಹೋಗಿರುತ್ತಾನೆ, ಅಲ್ಲಿಂದ ನಮ್ಮನ್ನು ಹತ್ತು ಡಿಗ್ರಿ ಓರೆಯಾಗಿ ನೋಡುತ್ತಾನೆ. ಮಳೆಯೇ ಬಾರದಿದ್ದರೆ ನಮಗೆ ಏಪ್ರಿಲ್–ಮೇಯಲ್ಲಿ ಒಂದು, ಆಗಸ್ಟ್–ಸೆಪ್ಟೆಂಬರಿನಲ್ಲಿ ಇನ್ನೊಂದು ಎಂದು ಎರಡು ಬೇಸಗೆಗಳು ಇರುತ್ತಿದ್ದವು. ಎರಡನೆಯದನ್ನು ಮೋಡ ನುಂಗಿಹಾಕುತ್ತದೆ. ಮೋಡ ಕಳಚಿದ ಮೇಲೆ ಅಕ್ಟೋಬರಿನಲ್ಲಿ ಕಾಡುವ ಬೆವರು ಅದರ ಪಳೆಯುಳಿಕೆ ಎನ್ನಬಹುದು.

ಒಂದು ವಿಚಿತ್ರವನ್ನು ಗಮನಿಸಿದ್ದೀರಾ? ಮಂಗಳೂರಿನಲ್ಲಿ ಹಗಲಿನ ಗರಿಷ್ಠ ಉಷ್ಣತೆ ಅತಿ ಕಡಿಮೆ ಇರುವುದು ಡಿಸೆಂಬರ್–ಜನವರಿಯಲ್ಲಿ ಅಲ್ಲ, ಜುಲೈಯಲ್ಲಿ. ಜನವರಿಯ ಹಗಲು 32–33 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಜುಲೈಯ ಹಗಲು ಸರಾಸರಿ 29ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಾತ್ರಿಗಳ ಲೆಕ್ಕ ಬೇರೆ. ಅವು ಜನವರಿಯಲ್ಲೇ ತಂಪು. ಬಿಸಿಲು ಎಷ್ಟು ಹೊರಟಿತು ಎಂಬುದಕ್ಕಿಂತ ಎಷ್ಟು ನೆಲ ಮುಟ್ಟಿತು ಎಂಬುದು ಮುಖ್ಯವಾದಾಗ ಹೀಗಾಗುತ್ತದೆ.

ಈಗ ಸುತ್ತುದಾರಿ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಎಡಬಲದಲ್ಲಿ. ಮೂರಕ್ಕೂ ಸೂರ್ಯ ಒಂದೇ ದಿನಗಳಲ್ಲಿ ನೆತ್ತಿಗೆ ಬರುತ್ತಾನೆ, ಹಗಲಿನ ಉದ್ದವೂ ಒಂದೇ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ.ಗೆ ಹತ್ತಿರ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೆಂಗಳೂರಿನಲ್ಲಿ ಅದರ ಕಾಲು ಭಾಗ. ಚೆನ್ನೈಯಲ್ಲಿ ಮುಖ್ಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್. ಸೂರ್ಯನ ಲೆಕ್ಕ ಒಂದೇ ಆದರೂ ಋತು ಒಂದಲ್ಲ. ಇಲ್ಲಿ ನೆಲ, ಕಡಲು, ಬೆಟ್ಟ ಮೂರೂ ಮಾತಾಡತೊಡಗುತ್ತವೆ.

ಒಂದು ಕಿಲೋ ಒಣಮಣ್ಣನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖಕ್ಕಿಂತ ಒಂದು ಕಿಲೋ ನೀರಿಗೆ ನಾಲ್ಕೈದು ಪಟ್ಟು ಹೆಚ್ಚು ಬೇಕು. ಮೇಲಾಗಿ ಕಡಲಿನಲ್ಲಿ ಬಿಸಿ ಆಳಕ್ಕೆ ಕಲೆಸಿಹೋಗುತ್ತದೆ, ನೆಲದಲ್ಲಿ ಮೇಲ್ಪದರದಲ್ಲೇ ಉಳಿಯುತ್ತದೆ. ನಡುಮಧ್ಯಾಹ್ನ ಮಲ್ಪೆಯ ಮರಳ ಮೇಲೆ ಬರಿಗಾಲಲ್ಲಿ ನಡೆದು ನೀರಿಗಿಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸೂರ್ಯ ಬಡಗಿಗೆ ಸರಿದಂತೆ ಏಷ್ಯಾದ ದೊಡ್ಡ ನೆಲ ಕಾಯುತ್ತದೆ. ರಾಜಸ್ಥಾನ–ಪಾಕಿಸ್ತಾನದ ಮರುಭೂಮಿಯ ಮೇಲೆ ಗಾಳಿ ಬಿಸಿಯಾಗಿ ಮೇಲೇರಿ ಒತ್ತಡ ಕುಸಿಯುತ್ತದೆ, ಎತ್ತರದಲ್ಲಿರುವ ಟಿಬೆಟಿನ ಪ್ರಸ್ಥಭೂಮಿಯೂ ಕಾದು ಇದಕ್ಕೆ ಕೈಜೋಡಿಸುತ್ತದೆ. ನೆಲ–ಕಡಲುಗಳ ಈ ಕಾವಿನ ವ್ಯತ್ಯಾಸವೇ ಮಾನ್ಸೂನಿನ ಮೂಲ ಎಂದು ಎಡ್ಮಂಡ್ ಹ್ಯಾಲಿ 1686ರಷ್ಟು ಹಿಂದೆಯೇ ಬರೆದಿದ್ದ. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿಯೇ ಈತ. ಅವನು ಹೇಳಿದ್ದು ಸರಿ, ಆದರೆ ಸಾಲದು.

ಸಾಲದೇ ಹೋದ ಭಾಗ ನನಗೆ ಬಹಳ ಹಿಡಿಸುತ್ತದೆ. ಜೂನಿನಲ್ಲಿ ನಮ್ಮ ಅರ್ಧಗೋಳಕ್ಕೆ ಬೇಸಗೆಯಾದರೆ ತೆಂಕಿನ ಅರ್ಧಗೋಳಕ್ಕೆ ಚಳಿಗಾಲ. ಮಡಗಾಸ್ಕರ್, ಮಾರಿಷಸ್‌ಗಳ ಆಚೆ ತೆಂಕು ಹಿಂದೂ ಮಹಾಸಾಗರದಲ್ಲಿ ಆಗ ತಂಪಾದ, ಭಾರವಾದ ಗಾಳಿ ದಟ್ಟೈಸಿ ಒತ್ತಡ ಏರುತ್ತದೆ. ಅಲ್ಲಿಂದ ಒತ್ತಿದ ಗಾಳಿ ಆಫ್ರಿಕಾದ ಮೂಡಣ ಕರೆಯನ್ನು ಸವರಿಕೊಂಡು ಭೂಮಧ್ಯರೇಖೆ ದಾಟುತ್ತದೆ. ದಾಟಿದ ಕೂಡಲೇ ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ತಿರುಗಿ, ಸೊಮಾಲಿಯಾದ ಕರೆಯಲ್ಲಿ ಬಿರುಸಿನ ಹೊನಲಾಗಿ, ಅರಬ್ಬೀ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ನೀರಾವಿ ಹೀರುತ್ತ ನೈಋತ್ಯದಿಂದ ನಮ್ಮ ಮೇಲೆ ಬರುತ್ತದೆ. ಅಂದರೆ ಮಲ್ಪೆಯ ದಕ್ಕೆಯಲ್ಲಿ ಜೂನಿನಲ್ಲಿ ಬೀಳುವ ಮಳೆ ಇಲ್ಲಿಯ ಬೇಸಗೆಯಷ್ಟೇ ಅಲ್ಲಿಯ ಚಳಿಗಾಲದ ಕೂಸೂ ಹೌದು. ಒಂದೇ ಓರೆಯ ಎರಡು ತುದಿಗಳು ಒಂದು ಗಾಳಿಯಲ್ಲಿ ಕೂಡಿಕೊಂಡಿವೆ.

ಕೊನೆಯ ಕೆಲಸ ಘಟ್ಟದ್ದು. ತೇವದ ಗಾಳಿ ಪಶ್ಚಿಮ ಘಟ್ಟದ ಗೋಡೆಗೆ ತಾಗಿ ಮೇಲೇರಿ ತಣಿದು ಮಳೆಯಾಗಿ ಸುರಿಯುತ್ತದೆ. ಉಡುಪಿಯಿಂದ ಹೆಬ್ರಿ ದಾಟಿ ಘಾಟಿ ಹತ್ತಿ ಆಗುಂಬೆ ತಲುಪಿದರೆ ವರ್ಷದ ಮಳೆ 7,000 ಮಿ.ಮೀ. ಮೀರುತ್ತದೆ, ಘಟ್ಟದ ಬೆನ್ನು ದಾಟಿ ಇಳಿದ ಗಾಳಿಯಲ್ಲಿ ಬೆಂಗಳೂರಿಗೆ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಚೆನ್ನೈಗೆ ಮಳೆ ಬರುವುದು ಈ ಗಾಳಿ ಹಿಮ್ಮೆಟ್ಟಿ, ನೆಲ ತಣಿದು, ಈಶಾನ್ಯದಿಂದ ಬಂಗಾಳ ಕೊಲ್ಲಿಯ ಮೇಲೆ ಹಾದು ಬರುವಾಗ.

ಶಾಸ್ತ್ರದ ಆರು ಋತುಗಳಲ್ಲಿ ವರ್ಷ ಋತುವೆಂದರೆ ಶ್ರಾವಣ–ಭಾದ್ರಪದ. ನಮ್ಮಲ್ಲಿ ಆ ಹೊತ್ತಿಗೆ ಮಳೆಯ ಜೋರು ಇಳಿಮುಖವಾಗಿರುತ್ತದೆ. ಈ ನೆಲಕ್ಕೆ ಹೆಚ್ಚು ಹೊಂದುವುದು ತುಳುನಾಡಿನ ಸೌರ ತಿಂಗಳುಗಳ ಲೆಕ್ಕ: ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ–ನೇಮಗಳು ನಿಲ್ಲುತ್ತವೆ. ಮುಂದಿನ ಎರಡು ತಿಂಗಳುಗಳಾದ ಕಾರ್ತೆಲ್ ಮತ್ತು ಆಟಿ ಮಳೆಯವು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರಕಾರ ಹಾಕುವ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಇರುವುದನ್ನು ನೋಡಿದರೆ, ಅಜ್ಜಂದಿರ ಲೆಕ್ಕಕ್ಕೂ ಇಲಾಖೆಯ ಲೆಕ್ಕಕ್ಕೂ ಅಂಥ ಜಗಳವೇನಿಲ್ಲ.

ಪ್ರಶ್ನೆ: ಉತ್ತರಾಯಣ ಆರಂಭವಾಗುವುದು ಡಿಸೆಂಬರ್ 22ಕ್ಕೆ ಎಂದು ವಿಜ್ಞಾನದವರು ಹೇಳುತ್ತಾರೆ. ನಾವು ಜನವರಿ 14ರ ಮಕರ ಸಂಕ್ರಾಂತಿಗೆ ಆಚರಿಸುತ್ತೇವೆ. ಹಾಗಾದರೆ ನಮ್ಮ ಪಂಚಾಂಗ ತಪ್ಪೇ? — ಓದುಗರೊಬ್ಬರು, ಉಡುಪಿ

ಉತ್ತರ: ತಪ್ಪಲ್ಲ, ಅಳತೆಗೋಲು ಬೇರೆ. ಸೂರ್ಯ ಮುಳುಗುವ ಜಾಗ ತೆಂಕಿನ ತುದಿ ಮುಟ್ಟಿ ಬಡಗಿಗೆ ಹೊರಳುವುದು ಡಿಸೆಂಬರ್ 21–22ರಲ್ಲೇ. ಇದನ್ನು ಯಾರೂ ಬಂಡೆಯ ಮೇಲೆ ನಿಂತು ನೋಡಬಹುದು. ಮಕರ ಸಂಕ್ರಾಂತಿ ಹೇಳುವುದು ಸೂರ್ಯ ನಕ್ಷತ್ರಗಳ ಹಿನ್ನೆಲೆಯಲ್ಲಿ ಮಕರ ರಾಶಿಯನ್ನು ಪ್ರವೇಶಿಸುವ ಕ್ಷಣವನ್ನು. ಸುಮಾರು 1,700 ವರ್ಷಗಳ ಹಿಂದೆ ಈ ಎರಡೂ ಒಂದೇ ದಿನ ಬೀಳುತ್ತಿದ್ದವು, ಆದ್ದರಿಂದ ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿತು.

ಬೇರೆಯಾದದ್ದು ಹೇಗೆಂದರೆ, ಭೂಮಿಯ ಅಕ್ಷ ಅಲುಗುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದು ಒಂದು ವರ್ಷದ ಮಟ್ಟಿಗೆ ಮಾತ್ರ ನಿಜ. ಶತಮಾನಗಳ ಲೆಕ್ಕದಲ್ಲಿ ಅದು, ವೇಗ ಕುಂದಿದ ಬುಗುರಿಯ ತಲೆಯಂತೆ, ಓರೆಯನ್ನು ಹಾಗೇ ಇಟ್ಟುಕೊಂಡು ದಿಕ್ಕನ್ನು ನಿಧಾನವಾಗಿ ಬದಲಿಸುತ್ತದೆ. ಸೂರ್ಯ–ಚಂದ್ರರು ಭೂಮಿಯ ಉಬ್ಬಿದ ನಡುಭಾಗವನ್ನು ಎಳೆಯುವುದು ಇದಕ್ಕೆ ಕಾರಣ. ಒಂದು ಸುತ್ತಿಗೆ ಸುಮಾರು 25,800 ವರ್ಷ, ಒಂದು ಡಿಗ್ರಿಗೆ ಸುಮಾರು 72 ವರ್ಷ. ಇದನ್ನೇ ಅಯನಚಲನೆ ಎನ್ನುವುದು. ಋತುಗಳ ವರ್ಷಕ್ಕಿಂತ ನಕ್ಷತ್ರಗಳ ವರ್ಷ ಇದರಿಂದಾಗಿ ಸುಮಾರು 20 ನಿಮಿಷ ದೀರ್ಘ. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದು ಒಂದು ದಿನವಾಗುತ್ತದೆ. ಹೀಗೆ ಕೂಡುತ್ತ ಕೂಡುತ್ತ ಇಪ್ಪತ್ತಮೂರು–ಇಪ್ಪತ್ತನಾಲ್ಕು ದಿನಗಳ ಅಂತರ ಬೆಳೆದಿದೆ. ನಮ್ಮ ಬಿಸು ಹಬ್ಬದಲ್ಲೂ ಇದೇ ಕಥೆ. ಬಿಸು ಎಂಬ ಹೆಸರಿನಲ್ಲಿರುವುದು ವಿಷುವ, ಅಂದರೆ ಹಗಲಿರುಳು ಸಮನಾಗುವ ದಿನ. ಆ ದಿನ ಮಾರ್ಚ್ 20–21ಕ್ಕೇ ಮುಗಿದುಹೋಗಿದ್ದರೂ ಹಬ್ಬ ಏಪ್ರಿಲ್ 14ರ ಸುಮಾರಿಗೆ ಬರುತ್ತದೆ.

ಸಂಕ್ರಾಂತಿಯ ದಿನ ರಥಬೀದಿಯಲ್ಲಿ ಮೂರು ತೇರು ಎಳೆಯುವುದನ್ನು ಡಿಸೆಂಬರಿಗೆ ಸರಿಸಬೇಕೆಂದು ಇದರರ್ಥವಲ್ಲ. ಹಬ್ಬ ನಕ್ಷತ್ರದ ಲೆಕ್ಕಕ್ಕೆ ನಡೆಯಲಿ. ಶಾಲೆಯಲ್ಲಿ ಮಾತ್ರ “ಮಕರ ಸಂಕ್ರಾಂತಿಯಿಂದ ಹಗಲು ಬೆಳೆಯತೊಡಗುತ್ತದೆ” ಎಂದು ಬರೆಸಬಾರದು, ಯಾಕೆಂದರೆ ಅಷ್ಟರಲ್ಲಿ ಅದು ಬೆಳೆಯತೊಡಗಿ ಮೂರು ವಾರ ಕಳೆದಿರುತ್ತದೆ.

ಪ್ರಶ್ನೆ: ಭೂಮಿ ವಾಲದೆ ನೆಟ್ಟಗೆ ನಿಂತಿದ್ದರೆ ಏನಾಗುತ್ತಿತ್ತು? ಬೇರೆ ಗ್ರಹಗಳಲ್ಲಿ ಋತುಗಳಿವೆಯೇ? ನೆರಳಿಲ್ಲದ ದಿನವನ್ನು ನೋಡಲು ನಾನೇನು ಮಾಡಬೇಕು? — ಎಂಟನೆಯ ತರಗತಿಯ ವಿದ್ಯಾರ್ಥಿ, ಕುಂದಾಪುರ

ಉತ್ತರ: ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀಯ ಮಗಾ, ಆದರೂ ಸಂತೋಷ. ನೆಟ್ಟಗಿದ್ದರೆ ಕುಂದಾಪುರದಲ್ಲಿ ವರ್ಷದ ಎಲ್ಲ ದಿನವೂ ಮಾರ್ಚ್ 21ರಂತೆ ಇರುತ್ತಿತ್ತು: ಹಗಲು ಹನ್ನೆರಡು ಗಂಟೆ, ರಾತ್ರಿ ಹನ್ನೆರಡು ಗಂಟೆ, ನಡುಹಗಲಿನ ನೆರಳು ಸದಾ ಬಡಗಿಗೆ, ಒಂದೇ ಉದ್ದ. ಸೂರ್ಯನನ್ನು ಹಿಂಬಾಲಿಸಿ ಬಡಗಿಗೆ ಬರುವ ಮಳೆಪಟ್ಟಿ ಭೂಮಧ್ಯರೇಖೆಯ ಆಸುಪಾಸಿನಲ್ಲೇ ಉಳಿಯುತ್ತಿತ್ತು, ಆದ್ದರಿಂದ ಮಳೆಗಾಲದ ರಜೆಯ ಆಸೆ ಬಿಡಬೇಕಿತ್ತು. ಓರೆ ಹುಟ್ಟಿದ್ದು ಭೂಮಿ ಎಳೆಯದಾಗಿದ್ದಾಗ ದೊಡ್ಡ ಕಾಯಗಳು ಬಂದು ಡಿಕ್ಕಿ ಹೊಡೆದದ್ದರಿಂದ ಎಂದು ವಿಜ್ಞಾನಿಗಳು ಬಗೆಯುತ್ತಾರೆ. ಚಂದ್ರ ಹುಟ್ಟಿದ್ದೂ ಅಂಥದೊಂದು ಡಿಕ್ಕಿಯಿಂದ ಎಂಬುದು ಇಂದು ಹೆಚ್ಚು ಒಪ್ಪಿಗೆಯಾದ ವಾದ. ಓರೆ 22.1 ಮತ್ತು 24.5 ಡಿಗ್ರಿಗಳ ನಡುವೆ ಸುಮಾರು 41,000 ವರ್ಷಗಳಿಗೊಮ್ಮೆ ಹಿಂದೆ ಮುಂದೆ ಆಗುತ್ತದೆ, ಅದಕ್ಕಿಂತ ಹೆಚ್ಚು ಅಲುಗದಂತೆ ಚಂದ್ರನ ಸೆಳೆತ ಹಿಡಿದಿಟ್ಟಿದೆ.

ಮಂಗಳನ ಓರೆ ಸುಮಾರು 25 ಡಿಗ್ರಿ, ಹೆಚ್ಚುಕಡಿಮೆ ನಮ್ಮದೇ. ಅಲ್ಲಿಯೂ ಋತುಗಳಿವೆ, ವರ್ಷ 687 ದಿನಗಳದ್ದಾದ್ದರಿಂದ ಒಂದೊಂದೂ ನಮ್ಮದಕ್ಕಿಂತ ಇಮ್ಮಡಿ ಉದ್ದ. ಗುರುವಿನ ಓರೆ ಮೂರು ಡಿಗ್ರಿ, ಋತುಗಳು ಇಲ್ಲವೆನ್ನುವಷ್ಟು ಕಡಿಮೆ. ಯುರೇನಸ್ ಅಡ್ಡಬಿದ್ದು ಉರುಳುತ್ತದೆ, ಓರೆ 98 ಡಿಗ್ರಿ. ಅದರ ಒಂದೊಂದು ಧ್ರುವಕ್ಕೆ ಸುಮಾರು 42 ವರ್ಷ ಬಿಡದ ಬೆಳಕು, 42 ವರ್ಷ ಬಿಡದ ಕತ್ತಲು. ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಹೋದಾಗ ಗ್ರಹಗಳ ಈ ಓರೆಗಳ ಬಗ್ಗೆ ಅಲ್ಲಿಯವರನ್ನು ಕೇಳಿ ನೋಡು.

ನೆರಳಿಲ್ಲದ ದಿನಕ್ಕೆ ಕೋಲಿಗಿಂತ ನೆಟ್ಟಗೆ ನಿಲ್ಲುವ ಪಿವಿಸಿ ಪೈಪಿನ ತುಂಡು ಒಳ್ಳೆಯದು. ಒಳಗಿನ ನೆಲಕ್ಕೆ ಬಿಸಿಲು ಸುತ್ತಲೂ ಒಂದೇ ಸಮನೆ ಬಿದ್ದರೆ ಸೂರ್ಯ ನೆತ್ತಿಯಲ್ಲಿದ್ದಾನೆ ಎಂದರ್ಥ. ಪೈಪು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡು ಸಾಕು. ಪೈಪಿನ ಒಳಗಿಂದ ಸೂರ್ಯನನ್ನು ಮಾತ್ರ ನೋಡಬೇಡ, ಕಣ್ಣು ಕೆಡುತ್ತದೆ. ಕುಂದಾಪುರ ಉಡುಪಿಗಿಂತ ಸ್ವಲ್ಪ ಬಡಗಿಗಿರುವುದರಿಂದ ನಿನಗೆ ಏಪ್ರಿಲ್ 26ರ ಸುಮಾರಿಗೆ, ಹನ್ನೆರಡೂವರೆಗೆ ಒಂದೆರಡು ನಿಮಿಷ ಮೊದಲು ಸಿದ್ಧವಾಗಿರಬೇಕು. ಒಂದು ದಿನ ಹಿಂದೆ ಮುಂದೆಯೂ ನೋಡಿ ಬರೆದಿಟ್ಟುಕೋ. ಆಗಸ್ಟಿನದು 17ರ ಸುಮಾರಿಗೆ, 12 ಗಂಟೆ 35 ನಿಮಿಷದ ಹೊತ್ತಿಗೆ. ಅದು ತುಳುವರ ಸೋಣ ತಿಂಗಳು ಹುಟ್ಟುವ ದಿನ. ಮೋಡ ಹತ್ತು ನಿಮಿಷ ಸರಿದುಕೊಂಡರೆ ನಿನ್ನ ಅದೃಷ್ಟ.